ಗೋದಾಮು ಇದ್ದವರ ಸ್ವಾತಂತ್ರ್ಯ

ಅರ್ಜೆಂಟೀನಾದ ಅಧ್ಯಕ್ಷರು ನಮ್ಮ ತೋಟದ ಮನೆಗೆ ಬಂದದ್ದು ಒಂದು ಬೆಳಿಗ್ಗೆ, ಕಡುಬು ಮತ್ತು ಕಾಯಿಚಟ್ನಿಯ ನಡುವೆ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಮೂರು ವರ್ಷದಿಂದ ತೋಟ ನೋಡಿಕೊಳ್ಳುತ್ತಿರುವ ಅಣ್ಣನ ಮಗ ತನ್ನ ಮೊಬೈಲನ್ನು ನನ್ನ ತಟ್ಟೆಯ ಪಕ್ಕಕ್ಕೆ ಸರಿಸಿ, "ಅತ್ತೆ, ಇವರನ್ನು ನೋಡಿ" ಎಂದ. ಕೆದರಿದ ಕೂದಲಿನ ಒಬ್ಬ ಮನುಷ್ಯ, ಕೈಯಲ್ಲಿ ಮರ ಕೊಯ್ಯುವ ಯಂತ್ರ ಹಿಡಿದು ಜನರ ನಡುವೆ ಕೂಗುತ್ತಿದ್ದ.

"ಮರಗಸಿಗೆ ಬಂದವನ ಹಾಗಿದ್ದಾನಲ್ಲ" ಎಂದೆ. ಕಾಫಿ ತೋಟದಲ್ಲಿ ನೆರಳುಮರಗಳ ಕೊಂಬೆ ಸವರುವುದಕ್ಕೆ ನಮ್ಮಲ್ಲಿ ಮರಗಸಿ ಎನ್ನುತ್ತಾರೆ.

"ಸರಿಯಾಗಿಯೇ ಹೇಳಿದಿರಿ. ಸರ್ಕಾರದ ಮರಗಸಿ ಮಾಡುತ್ತಿದ್ದಾರೆ."

ಹಾವಿಯೆರ್ ಮಿಲೆ ಎಂಬ ಆ ಮನುಷ್ಯ 2023ರ ಡಿಸೆಂಬರ್‌ನಲ್ಲಿ ಅಧಿಕಾರಕ್ಕೆ ಬಂದು ಹದಿನೆಂಟು ಸಚಿವಾಲಯಗಳನ್ನು ಒಂಬತ್ತಕ್ಕೆ ಇಳಿಸಿದ್ದು, ತನ್ನ ನಾಯಿಗಳಿಗೆ ಅರ್ಥಶಾಸ್ತ್ರಜ್ಞರ ಹೆಸರಿಟ್ಟದ್ದು, ಎಲ್ಲವನ್ನೂ ಹುಡುಗ ಉತ್ಸಾಹದಿಂದ ವಿವರಿಸಿದ. (ನಮ್ಮ ನಾಯಿಯ ಹೆಸರು ಕರಿಯ. ಅದಕ್ಕೆ ಯಾವ ಆರ್ಥಿಕ ಸಿದ್ಧಾಂತವೂ ಇಲ್ಲ. ಯಾರ ತಟ್ಟೆಯಲ್ಲಿ ಮೀನಿದೆಯೋ ಅವರ ಪಕ್ಷ.) ವರ್ಷಕ್ಕೆ ಶೇ 211ರಷ್ಟಿದ್ದ ಹಣದುಬ್ಬರ ಮರುವರ್ಷ ಶೇ 118ಕ್ಕೆ ಇಳಿಯಿತು ಎಂದ. ಅದು ನಿಜ. 2024ರ ಮೊದಲ ಅರ್ಧದಲ್ಲಿ ಅಲ್ಲಿನ ಬಡವರ ಪ್ರಮಾಣ ಶೇ 52.9 ಮುಟ್ಟಿತ್ತು ಎಂದು ನಾನು ಹೇಳಿದೆ. ಅದೂ ನಿಜ. ವರ್ಷದ ಕೊನೆಯ ಅರ್ಧದಲ್ಲಿ ಅದು ಶೇ 38ಕ್ಕೆ ಇಳಿಯಿತಲ್ಲ ಎಂದು ಅವನು. ಅದಕ್ಕೂ ಇಲ್ಲವೆನ್ನಲಾಗಲಿಲ್ಲ. ಅಂಕಿಗಳಿಂದ ನಡೆಸುವ ವಾದ ಹೀಗೆಯೇ. ಯಾರೂ ಸೋಲುವುದಿಲ್ಲ, ಕಡುಬು ಮಾತ್ರ ಆರಿಹೋಗುತ್ತದೆ.

ಪದವಿಪೂರ್ವ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವಳು ನಾನು. ಮಿಲೆ ತನ್ನನ್ನು ಕರೆದುಕೊಳ್ಳುವ ಲಿಬರ್ಟೇರಿಯನ್ ಎಂಬ ಪದಕ್ಕೆ ಒಂದು ನೆಟ್ಟಗಿನ ಕನ್ನಡ ಪದ ಹುಡುಕುವುದು ನನಗೆ ಕೊನೆಯವರೆಗೂ ಆಗಲಿಲ್ಲ. 'ಸ್ವೇಚ್ಛಾವಾದ' ಎನ್ನೋಣವೆಂದರೆ, ಸ್ವಂತ ಇಚ್ಛೆ ಎಂಬ ಆ ನಿರಪರಾಧಿ ಪದವನ್ನು ನಮ್ಮ ಹಿರಿಯರು ಎಂದೋ ಕೆಡಿಸಿಟ್ಟಿದ್ದಾರೆ. ಹೆಣ್ಣುಮಗಳು ಸಂಜೆ ತಡವಾಗಿ ಬಂದರೆ ಸ್ವೇಚ್ಛೆ, ಗಂಡಸು ಕೇಳದೆ ಜಮೀನು ಮಾರಿದರೆ ಸ್ವೇಚ್ಛೆ. ವಾದ ಶುರುವಾಗುವ ಮೊದಲೇ ಭಾಷೆ ತೀರ್ಪು ಕೊಟ್ಟಿರುತ್ತದೆ. ಆದ್ದರಿಂದ ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳುತ್ತೇನೆ. ಅದರ ಸಾರ ಕಷ್ಟದ್ದೇನಲ್ಲ: ನನ್ನ ದುಡಿಮೆ ನನ್ನದು, ನನ್ನ ಬೆಳೆ ನನ್ನದು, ಒಪ್ಪಿದವನಿಗೆ ಒಪ್ಪಿದ ಬೆಲೆಗೆ ಮಾರುತ್ತೇನೆ, ಕಳ್ಳರನ್ನು ಹಿಡಿಯುವುದು, ಕರಾರು ಮುರಿದವರನ್ನು ಕೇಳುವುದು ಬಿಟ್ಟು ಸರ್ಕಾರಕ್ಕೆ ನಡುವೆ ಬೇರೆ ಕೆಲಸವಿಲ್ಲ.

ಇದೇನು ಬ್ಯೂನಸ್ ಐರಿಸ್‌ನಿಂದ ಹೊಸದಾಗಿ ಬಂದ ಸರಕಲ್ಲ ಎಂದು ಹುಡುಗನಿಗೆ ಹೇಳಬೇಕಾಯಿತು. ನಮ್ಮ ಘಟ್ಟ ಇಳಿದರೆ ಸಿಗುವ ಹಳೆಯ ದಕ್ಷಿಣ ಕನ್ನಡ ಸೀಮೆಯ ಬೆಳ್ಳಿಕೋತಿನಲ್ಲಿ 1905ರಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ ಲಂಡನ್ನಿನಲ್ಲಿ ಓದಿ, ಮುಕ್ತ ಮಾರುಕಟ್ಟೆಯ ಪರ ವಾದಿಸಿದ ಅರ್ಥಶಾಸ್ತ್ರಜ್ಞ ಹಾಯೆಕ್‌ರ ವಿಚಾರಗಳಿಗೆ ಒಲಿದವರು. ಎರಡನೇ ಪಂಚವಾರ್ಷಿಕ ಯೋಜನೆಯ ಬಗ್ಗೆ ಸಲಹೆ ಕೊಡಲು ಸೇರಿಸಿದ್ದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಉಳಿದವರೆಲ್ಲ ಸಹಿ ಹಾಕಿದಾಗ, 1955ರಲ್ಲಿ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದರು. ನೋಟು ಅಚ್ಚು ಹಾಕಿ ಕೊರತೆ ತುಂಬುವ ಕೊರತೆ ಹಣಕಾಸು ಇಷ್ಟೊಂದು ಬೇಡ, ಬೆಲೆಗಳ ಮೇಲೆ ಇಷ್ಟೊಂದು ಹಿಡಿತ ಬೇಡ ಎಂದರು. ಎರಡು ವರ್ಷ ಕಳೆಯುವಷ್ಟರಲ್ಲಿ ದೇಶ ವಿದೇಶಿ ವಿನಿಮಯದ ಬಿಕ್ಕಟ್ಟಿಗೆ ಸಿಕ್ಕಿಕೊಂಡಿತು. ಆದರೂ ಅವರ ಹೆಸರು ನಾನು ಪಾಠ ಮಾಡಿದ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಹುಡುಗನಿಗೆ ಇದು ಸಂತೋಷದ ಸುದ್ದಿಯಾಯಿತು. ವಾದದಲ್ಲಿ ಎದುರಾಳಿಗೆ ಆಯುಧ ಕೊಡುವ ಈ ಕೆಟ್ಟ ಚಾಳಿ ಮೇಷ್ಟರುಗಳಿಗೆ ಮಾತ್ರ ಇರುತ್ತದೆ.

ಆದರೆ ನಾನು ಅವನಿಗೆ ನಿಜವಾಗಿ ಹೇಳಬೇಕೆಂದಿದ್ದದ್ದು ಶೆಣೈ ಅವರ ಬಗ್ಗೆ ಅಲ್ಲ, ಮಿಲೆಯ ಬಗ್ಗೆಯೂ ಅಲ್ಲ. ಸರ್ಕಾರ ನಡುವೆ ಇದ್ದರೆ ಏನಾಗುತ್ತದೆ, ಎದ್ದು ಹೋದರೆ ಏನಾಗುತ್ತದೆ ಎಂಬ ಪ್ರಯೋಗ ಕಾಫಿ ಸೀಮೆಯಲ್ಲಿ ನಮ್ಮ ಕಣ್ಣೆದುರೇ ನಡೆದಿದೆ. ಅವನು ಹುಟ್ಟುವ ಹೊತ್ತಿಗೆ ಅದು ಮುಗಿಯುತ್ತ ಬಂದಿತ್ತು.

ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿತು. ಕಣದಲ್ಲಿ ಕಾಫಿ ರಾಶಿ ಬಿದ್ದು ಕೊಳ್ಳುವವರಿಲ್ಲದ ಹೊತ್ತಿನಲ್ಲಿ ಮೊದಲು ಸುಗ್ರೀವಾಜ್ಞೆ, ಆಮೇಲೆ 1942ರ ಕಾಫಿ ಕಾಯ್ದೆ ಬಂದವು. ಬೆಳೆಗಾರ ಮನೆ ಖರ್ಚಿಗೆ ಮತ್ತು ಬೀಜಕ್ಕೆ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕು. ಕಾಫಿಯ ಸಿಪ್ಪೆ ಬಿಡಿಸಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ದರ್ಜೆ ನೋಡಿ ಪಾಯಿಂಟ್ ಕೊಡುತ್ತಾರೆ. ಎಲ್ಲರ ಕಾಫಿಯೂ ಬೆರೆತು ಹರಾಜಾಗುತ್ತದೆ. ಮಾರಾಟವಾದಂತೆ ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಬರುತ್ತದೆ. ಯುದ್ಧಕಾಲದ ಈ ಏರ್ಪಾಟು ಯುದ್ಧ ಮುಗಿದು ಐವತ್ತು ವರ್ಷವಾದರೂ ಮುಗಿಯಲಿಲ್ಲ. ತಾತ್ಕಾಲಿಕ ಎಂದು ಹಾಕಿದ ತಗಡಿನ ಶೆಡ್ಡುಗಳೇ ನಮ್ಮ ನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಳಿಕೆ ಬರುವುದು.

ಅಜ್ಜನಿಗೆ ಪೂಲ್ ಎಂದರೆ ದೇವರ ಸಮಾನ. ಯುದ್ಧದ ವರ್ಷ ಅದು ಇಲ್ಲದಿದ್ದರೆ ತೋಟ ಹೋಗುತ್ತಿತ್ತು ಎನ್ನುತ್ತಿದ್ದರು. ಅಪ್ಪನ ಲೆಕ್ಕದ ಪುಸ್ತಕದಲ್ಲಿ ಬೇರೆಯೇ ಕತೆಯಿದೆ. ಮೊದಲ ಕಂತು, ಎರಡನೆಯ ಕಂತು, ಅಂತಿಮ ಕಂತು ಎಂದು ಗೆರೆ ಎಳೆದ ಕಾಲಂಗಳು. ಒಂದು ಬೆಳೆಯ ಕೊನೆಯ ಕಂತು ಬರುವ ಹೊತ್ತಿಗೆ ಮುಂದಿನ ಬೆಳೆ ಗಿಡದಲ್ಲಿ ಹಣ್ಣಾಗಿರುತ್ತಿತ್ತು. ಚೆನ್ನಾಗಿ ಹಣ್ಣು ಆರಿಸಿ, ಪಲ್ಪ್ ಮಾಡಿ, ಜಾಲರಿ ಮೇಲೆ ಒಣಗಿಸಿದವನಿಗೂ, ಹಸಿರು ಕಾಯಿ, ಹಣ್ಣು ಎಲ್ಲ ಬಾಚಿ ತಂದವನಿಗೂ ವ್ಯತ್ಯಾಸ ಕೆಲವೇ ಪಾಯಿಂಟು. ಕಾಫಿ ಯಾವ ತೋಟದ್ದು ಎಂಬುದು ಕುಡಿಯುವವರಿಗೆ ಗೊತ್ತಾಗುವ ಮಾತೇ ಇರಲಿಲ್ಲ.

ಇದಕ್ಕಿಂತ ನನ್ನ ಮನಸ್ಸಿನಲ್ಲಿ ಕೂತದ್ದು ಅಮ್ಮನ ಬಾಳೆಕಾಯಿಯ ಚೀಲ. ಅಕ್ಕನ ಬಾಣಂತನಕ್ಕೆ ಬಯಲುಸೀಮೆಗೆ ಹೊರಟಾಗ ಬಾಳೆಕಾಯಿಯ ಕೆಳಗೆ ಮೂರು ಸೇರು ಕಾಫಿಬೀಜ ಮುಚ್ಚಿಟ್ಟುಕೊಂಡಿದ್ದರು. ಬಸ್ಸು ಒಂದು ಚೆಕ್‌ಪೋಸ್ಟಿನಲ್ಲಿ ನಿಂತಿತು. ಯಾರೋ ಒಬ್ಬರು ಹತ್ತಿ, ಮೂಟೆಗಳಿಲ್ಲವೆಂದು ಕಂಡು ಇಳಿದು ಹೋದರು, ಅಷ್ಟೇ. ಮನೆ ಖರ್ಚಿನ ಅಷ್ಟು ಬೀಜಕ್ಕೆ ಯಾರೂ ಏನೂ ಅನ್ನುತ್ತಿರಲಿಲ್ಲ ಎಂದು ಆಮೇಲೆ ಅಪ್ಪ ನಕ್ಕರು. ಆದರೆ ಆ ಎರಡು ನಿಮಿಷ ಅಮ್ಮ ನನ್ನ ಕೈ ಹಿಡಿದುಕೊಂಡ ಬಿಗಿ ನನಗೆ ಗೊತ್ತು. ತಾನೇ ಗೊಬ್ಬರ ಹಾಕಿ ಬೆಳೆಸಿದ ಗಿಡದ ಬೀಜವನ್ನು ಮಗಳ ಮನೆಗೆ ಒಯ್ಯಲು ಕಳ್ಳಿಯ ಹಾಗೆ ಬೆವರಿದ್ದರು. ಲಿಬರ್ಟೇರಿಯನ್ನರ ಮಾತಿನಲ್ಲಿ ಸತ್ಯವಿದೆ ಎಂದು ನಾನು ಒಪ್ಪುವುದು ಯಾವ ಗ್ರಂಥದಿಂದಲೂ ಅಲ್ಲ, ಆ ಬಸ್ಸಿನಿಂದ.

ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದೆಂದು ಕಟ್ಟಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ 1989ರ ಜುಲೈಯಲ್ಲಿ ಬಿದ್ದುಹೋಯಿತು. ಕೆಲವೇ ತಿಂಗಳಲ್ಲಿ ಜಾಗತಿಕ ಬೆಲೆ ಬಹುತೇಕ ಅರ್ಧಕ್ಕಿಳಿಯಿತು. ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ 1991ರಲ್ಲಿ ಇಲ್ಲವಾಯಿತು. ಬೆಳೆಗಾರರ ಸಂಘಗಳು ಮುಕ್ತ ಮಾರಾಟ ಕೇಳತೊಡಗಿದವು. 1992ರಿಂದ ಪೂಲ್‌ನ ಕಟ್ಟು ಹಂತ ಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ಪೂರ್ತಿ ಬಿಚ್ಚಿತು. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದದ್ದೂ ಅದೇ ವರ್ಷ.

ಆ ನಡುವೆ, 1994ರಲ್ಲಿ, ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಬ್ರೆಜಿಲ್‌ನಲ್ಲಿ ಕಾಫಿಗಿಡ ಸುಡುವ ಹಿಮ ಬಿತ್ತು. ಜೂನ್ ಕೊನೆಯಲ್ಲಿ ಒಮ್ಮೆ, ಜುಲೈಯಲ್ಲಿ ಇನ್ನೊಮ್ಮೆ. ಬೆಲೆ ಪೌಂಡಿಗೆ ಎರಡು ಡಾಲರ್ ದಾಟಿತು. ಹಾಯೆಕ್ 1945ರಲ್ಲಿ ತವರದ ಉದಾಹರಣೆ ಕೊಟ್ಟು ಹೇಳಿದ ಮಾತೊಂದಿದೆ: ತವರ ಏಕೆ ತುಟ್ಟಿಯಾಯಿತು ಎಂದು ಬಳಸುವವರಿಗೆ ತಿಳಿಯಬೇಕಾಗಿಲ್ಲ, ಬೆಲೆ ಏರಿದ್ದು ತಿಳಿದರೆ ಸಾಕು, ಜಗತ್ತೇ ತನ್ನಷ್ಟಕ್ಕೆ ಹೊಂದಿಕೊಳ್ಳುತ್ತದೆ. ಅದನ್ನು ನಾನು ತರಗತಿಯಲ್ಲಿ ಹಲವು ಸಲ ಹೇಳಿದ್ದೆ, ನಂಬಿರಲಿಲ್ಲ. ಆ ವರ್ಷ ಕಂಡೆ. ಬ್ರೆಜಿಲ್ ಭೂಪಟದಲ್ಲಿ ಎಲ್ಲಿದೆ ಎಂದು ತೋರಿಸಲಾಗದ ನಮ್ಮೂರಿನವರು ಗದ್ದೆಯ ಅಂಚಿಗೂ ರೋಬಸ್ಟಾ ಕಾಫಿ ನೆಟ್ಟರು. ತೊಂಬತ್ತರ ದಶಕದ ಆರಂಭದಲ್ಲಿ ಸುಮಾರು 1.7 ಲಕ್ಷ ಟನ್ ಇದ್ದ ದೇಶದ ಬೆಳೆ 2000-01ರಲ್ಲಿ ಮೂರು ಲಕ್ಷ ಟನ್ ಮುಟ್ಟಿತು. ಯಾವ ಮಂತ್ರಿಯೂ ಹೇಳದೆ, ಯಾವ ಯೋಜನೆಯೂ ಇಲ್ಲದೆ.

ವಿಯೆಟ್ನಾಮಿನವರಿಗೂ ಅದೇ ಬೆಲೆ ಅದೇ ಮಾತು ಹೇಳಿತ್ತು, ಅವರೂ ಕಾಫಿ ನೆಟ್ಟಿದ್ದರು ಎಂಬುದು ಆಮೇಲೆ ತಿಳಿಯಿತು. 2001ರಲ್ಲಿ ಜಾಗತಿಕ ಸರಾಸರಿ ಬೆಲೆ ಪೌಂಡಿಗೆ 45 ಸೆಂಟ್ ಆಸುಪಾಸಿಗೆ ಬಿತ್ತು. ಕೊಯ್ಲಿನ ಕೂಲಿಗೂ ಸಾಲದೆ ಹಣ್ಣು ಗಿಡದಲ್ಲೇ ಒಣಗಿದ ತೋಟಗಳಿದ್ದವು. ಮುಕ್ತ ಮಾರಾಟ ಬೇಕೆಂದು ಕೂಗಿದ್ದ ಗಂಟಲುಗಳೇ ಸಾಲ ಮನ್ನಾಕ್ಕಾಗಿ ದೆಹಲಿಯ ಕಡೆ ತಿರುಗಿದವು. ಅಣಕಿಸಿ ಹೇಳುತ್ತಿಲ್ಲ, ಆ ಸಭೆಗಳಲ್ಲಿ ನಾನೂ ಕುಳಿತಿದ್ದೆ, ಅಪ್ಪನ ಬ್ಯಾಂಕ್ ಸಾಲದ ಕಾಗದ ನನ್ನ ಚೀಲದಲ್ಲೇ ಇತ್ತು. ಕಷ್ಟ ಬಂದಾಗ ಸರ್ಕಾರದ ಬಾಗಿಲು ತಟ್ಟುವುದು ಮಲೆನಾಡಿನವರ ದೌರ್ಬಲ್ಯ ಮಾತ್ರವಲ್ಲ. 2025ರಲ್ಲಿ ಮಿಲೆಯ ಅರ್ಜೆಂಟೀನಾ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 2,000 ಕೋಟಿ ಡಾಲರ್ ಸಾಲದ ಒಪ್ಪಂದ ಮಾಡಿಕೊಂಡಿತು. ಸಾಲದೆಂದು ಚುನಾವಣೆಯ ಹೊತ್ತಿಗೆ ಅಮೆರಿಕದ ಖಜಾನೆ ಇನ್ನೊಂದು 2,000 ಕೋಟಿಯ ಆಸರೆ ಕೊಡಬೇಕಾಯಿತು. ಇದನ್ನು ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಮೊಬೈಲ್ ನೋಡಿದ.

ಆಮೇಲೆ ಅವನು ಹೇಳಿದ್ದು ಸುಲಭಕ್ಕೆ ತಳ್ಳಿಹಾಕುವ ಮಾತಾಗಿರಲಿಲ್ಲ. "ಅತ್ತೆ, ಐವತ್ತು ವರ್ಷ ನಿಮ್ಮನ್ನು ಮಾರಾಟದಿಂದ ದೂರ ಇಟ್ಟು, ಒಂದು ದಿನ ಬಾಗಿಲು ತೆರೆದು ಹೋಗಿ ಎಂದರು. ನ್ಯೂಯಾರ್ಕ್ ದರ, ಲಂಡನ್ ದರ ಎಂದರೇನು ಎಂದು ನನ್ನ ಅಜ್ಜನಿಗೆ ಯಾರು ಹೇಳಿಕೊಟ್ಟಿದ್ದರು? ಈಜು ಕಲಿಸದೆ ಇದ್ದದ್ದು ಪೂಲ್. ಮುಳುಗಿದ್ದಕ್ಕೆ ಹೊಳೆಯನ್ನು ಬೈಯುತ್ತೀರಿ." ಒಪ್ಪಿದೆ. ಪೂಲ್ ಮತ್ತೆ ಬರಲಿ ಎಂದು ನಾನು ಕೇಳುವವಳಲ್ಲ. ಇಂದು ನಮ್ಮ ಹೋಬಳಿಯ ಎರಡು ಮೂರು ತೋಟಗಳ ಕಾಫಿ ಆ ತೋಟದ ಹೆಸರಿನಲ್ಲೇ ಮಾರಾಟವಾಗುತ್ತದೆ. ಅದು ಅಪ್ಪನ ಕಾಲದಲ್ಲಿ ಕನಸಾಗಿಯೂ ಬೀಳುತ್ತಿರಲಿಲ್ಲ.

ಆದರೂ 1994ರ ಆ ಹಿಮವನ್ನು ಇನ್ನೊಮ್ಮೆ ನೋಡು ಎಂದೆ. ಅದು ಬಿದ್ದದ್ದು ಜೂನ್ ಕೊನೆಯಲ್ಲಿ. ನಮ್ಮಲ್ಲಿ ಆಗ ಜಡಿಮಳೆ. ಕೊಯ್ಲು ಮುಗಿದು ನಾಲ್ಕು ತಿಂಗಳು. ಆ ಹೊತ್ತಿನಲ್ಲಿ ಯಾರ ಬಳಿ ಕಾಫಿ ಉಳಿದಿತ್ತು? ನಮ್ಮ ಬೇಲಿಯಾಚೆ ಮೂರೆಕರೆ ತೋಟವಿದ್ದವರು ದೀಪಾವಳಿಗೇ ವ್ಯಾಪಾರಿಯ ಹತ್ತಿರ ಮುಂಗಡ ತೆಗೆದುಕೊಂಡಿದ್ದರು. ಮುಕ್ತ ಮಾರಾಟದ ಪಾಲಿನ ಕಾಫಿ ಕಣದಲ್ಲಿ ಪೂರ್ತಿ ಒಣಗುವ ಮೊದಲೇ, ಫೆಬ್ರವರಿಯಲ್ಲಿ, ತೂಕವಾಗಿ ಲಾರಿ ಏರಿತ್ತು. ಅಪ್ಪನ ಬಳಿ ಹಂಚಿನ ಗೋದಾಮಿತ್ತು, ಬ್ಯಾಂಕಿನಲ್ಲಿ ಒಳ್ಳೆಯ ಹೆಸರಿತ್ತು. ಕಾಳು ಬೂಸ್ಟು ಹಿಡಿಯದಂತೆ ಹಲಗೆ ಹಾಸಿ ಮೂಟೆ ಜೋಡಿಸಿ ಆಗಸ್ಟ್‌ವರೆಗೆ ಸುಮ್ಮನಿದ್ದರು. ಅದೇ ಮಣ್ಣು, ಅದೇ ಮಳೆ, ಅದೇ ತಳಿ. ನಾವು ಆ ವರ್ಷ ಜೀಪು ಕೊಂಡೆವು. ಅವರು ಮುಂದಿನ ವರ್ಷದ ಮುಂಗಡ ತೆಗೆದುಕೊಂಡರು.

ಅಪ್ಪ ಅವರಿಗಿಂತ ಬುದ್ಧಿವಂತರಾಗಿರಲಿಲ್ಲ. ಬ್ರೆಜಿಲ್‌ನ ಹವಾಮಾನ ಇಬ್ಬರಿಗೂ ಸಮಾನವಾಗಿ ಅಜ್ಞಾತ. ಮಾರುಕಟ್ಟೆ ಆ ವರ್ಷ ಬೆಲೆ ಕಟ್ಟಿದ್ದು ಕಾಫಿಗಿಂತ ಹೆಚ್ಚಾಗಿ ಸುಮ್ಮನೆ ಕೂರುವ ತಾಕತ್ತಿಗೆ. ಒಪ್ಪಿದವರ ನಡುವಿನ ವ್ಯವಹಾರ ಎಂದು ಲಿಬರ್ಟೇರಿಯನ್ನರು ಹೇಳುವಾಗ ಇಬ್ಬರಿಗೂ 'ಇವತ್ತು ಬೇಡ, ನೋಡೋಣ' ಎನ್ನುವ ಅನುಕೂಲ ಇದೆ ಎಂದು ಅಂದುಕೊಂಡಿರುತ್ತಾರೆ. ಅಪ್ಪನಿಗೆ ಆ ಮಾತು ಆರು ತಿಂಗಳು ಹೇಳಲು ಬರುತ್ತಿತ್ತು. ಬೇಲಿಯಾಚೆಯವರಿಗೆ ಒಂದು ವಾರ. ನಮ್ಮ ಲೈನಿನಲ್ಲಿ, ಅಂದರೆ ತೋಟದ ಆಳುಗಳ ಸಾಲುಮನೆಗಳಲ್ಲಿ, ಇದ್ದವರಿಗೆ ಒಂದು ರಾತ್ರಿಯೂ ಇಲ್ಲ.

ಲೈನಿನ ವಿಚಾರ ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಶನಿವಾರ ಬಟವಾಡೆ, ಭಾನುವಾರ ಸಂತೆ, ಸೋಮವಾರ ಅಕ್ಕಿ ಡಬ್ಬ ಅರ್ಧ. ಗುರುವಾರದ ಹೊತ್ತಿಗೆ ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ ಕೈಸಾಲ. ಕೂಲಿ ಸಾಲದು ಎಂದವರು ತೋಟ ಬಿಡಬಹುದಿತ್ತು, ಯಾರೂ ಕಟ್ಟಿ ಹಾಕಿರಲಿಲ್ಲ. ಆದರೆ ಮನೆ ತೋಟದ್ದು. ಕೆಲಸ ಬಿಟ್ಟರೆ ಸೂರೂ ಬಿಟ್ಟಂತೆ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಮನೆ, ಔಷಧ, ಕೂಸಿನ ಮನೆ ಎಂದೆಲ್ಲ ಹೇಳುತ್ತಿತ್ತು. ಅದರಿಂದ ಒಳ್ಳೆಯದೂ ಆಗಿದೆ. ಆದರೆ ಮನೆಯ ಯಜಮಾನನೂ ಕೆಲಸದ ಯಜಮಾನನೂ ಒಬ್ಬನೇ ಆದಾಗ ಚೌಕಾಸಿಯಲ್ಲಿ ಗಂಟಲು ಎಷ್ಟು ಏರಬಹುದು? ಆ ಯಜಮಾನರ ಮಗಳಾಗಿ ನಾನು ಓದಿದೆ, ಆ ಕಾಫಿಯ ದುಡ್ಡಿನಲ್ಲೇ ಮಾರುಕಟ್ಟೆಯ ಸಮತೋಲನದ ರೇಖಾಚಿತ್ರ ಕಲಿತೆ.

2013ರಲ್ಲಿ ಅನ್ನಭಾಗ್ಯ ಬಂತು. ಮೊದಲು ಕೆ.ಜಿ.ಗೆ ಒಂದು ರೂಪಾಯಿ, ಎರಡು ವರ್ಷದಲ್ಲಿ ಪುಕ್ಕಟೆ. ಬೆಳೆಗಾರರ ಮನೆಗಳಲ್ಲಿ ಮದುವೆ, ತಿಥಿ, ಗೃಹಪ್ರವೇಶ ಎಲ್ಲ ಕಡೆ ಒಂದೇ ಮಾತು: ಅಕ್ಕಿ ಕೊಟ್ಟು ಆಳುಗಳನ್ನು ಸೋಮಾರಿ ಮಾಡಿದರು, ಇನ್ನು ತೋಟ ಮಾಡುವ ಹಾಗಿಲ್ಲ. ನಾನೂ ಆ ಮಾತು ಆಡಿದ್ದೇನೆ. ನಿವೃತ್ತ ಉಪನ್ಯಾಸಕಿ ಆಡಿದರೆ ಅದಕ್ಕೆ ತೂಕ ಹೆಚ್ಚು. ಒಂದು ಮಳೆಗಾಲ ನಮ್ಮ ಲೈನಿನ ಹಿರಿಯಾಕೆಗೆ ಜ್ವರವೆಂದು ನೋಡಲು ಹೋಗಿದ್ದೆ. ಬಾಗಿಲ ಹಿಂದೆ, ನೆಲದ ತೇವ ತಾಗದಂತೆ ಎರಡು ಇಟ್ಟಿಗೆಯ ಮೇಲೆ ಹಲಗೆ ಇಟ್ಟು, ಅದರ ಮೇಲೆ ಪಡಿತರದ ಅಕ್ಕಿ ಚೀಲ ಕೂರಿಸಿದ್ದಳು. ಅಪ್ಪ ಪಾರ್ಚ್‌ಮೆಂಟ್ ಕಾಫಿಯ ಮೂಟೆ ಇಡುತ್ತಿದ್ದ ಹಾಗೆಯೇ. "ಜ್ವರ ಬಿಟ್ಟ ಮೇಲೆ ಬರುತ್ತೇನೆ ಅಮ್ಮಾ, ಅವಸರ ಇಲ್ಲ" ಎಂದಳು. ನಲವತ್ತು ವರ್ಷದಲ್ಲಿ 'ಅವಸರ ಇಲ್ಲ' ಎಂಬ ಮಾತು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಅಪ್ಪ ಆಗಸ್ಟ್‌ವರೆಗೆ ಮಾರದೆ ಕೂತಾಗ ಊರವರು ಜಾಣ ಎಂದರು. ಅವಳು ಮೂರು ದಿನ ಕೂತದ್ದಕ್ಕೆ ಸೋಮಾರಿ ಎಂಬ ಹೆಸರು.

"ಅಕ್ಕಿ ಯಾರ ದುಡ್ಡಿನದ್ದು?" ಎಂದು ಹುಡುಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಶೆಣೈ ಅವರು ಬದುಕಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು. ಕೊರತೆ ತುಂಬಲು ನೋಟು ಅಚ್ಚು ಹಾಕಿದರೆ ಅದೇ ಬಡವಳ ಸಂತೆಯ ಚೀಲ ಹಗುರಾಗುತ್ತದೆ ಎಂದೂ ಹೇಳುತ್ತಿದ್ದರೇನೋ. ಪ್ರತಿ ಚುನಾವಣೆಗೆ ಒಂದೊಂದು ಭಾಗ್ಯ ಹುಟ್ಟುವುದನ್ನು ನೋಡಿದರೆ ನನಗೂ ಲೆಕ್ಕ ತಪ್ಪೀತು ಎನ್ನಿಸುತ್ತದೆ. ಆದರೆ ಇವನ ಗೋಡೆಯ ಮೇಲಿರುವ ದೊಡ್ಡವರು ಇವನಷ್ಟು ಕಟುವಾಗಿರಲಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1962ರಲ್ಲೇ ಋಣಾತ್ಮಕ ಆದಾಯ ತೆರಿಗೆಯ ಪ್ರಸ್ತಾಪ ಮಾಡಿದ್ದರು: ಆದಾಯ ಒಂದು ಮಟ್ಟಕ್ಕಿಂತ ಕೆಳಗಿದ್ದವರಿಗೆ ತೆರಿಗೆ ಇಲಾಖೆಯೇ ಹಣ ಕೊಡಬೇಕು. ಹಾಯೆಕ್ ಕೂಡ ಅನ್ನ, ಬಟ್ಟೆ, ಸೂರಿನ ಕನಿಷ್ಠ ಖಾತರಿಯನ್ನು ಶ್ರೀಮಂತ ಸಮಾಜ ಎಲ್ಲರಿಗೂ ಕೊಡಬಹುದು ಎಂದವರು. "ಹೌದೇ?" ಎಂದ. "ಹೌದು. ಯೂಟ್ಯೂಬಿನಲ್ಲಿ ಅಷ್ಟು ದೂರ ಬರುವ ಮೊದಲೇ ವಿಡಿಯೊ ಮುಗಿಯುತ್ತದೆ" ಎಂದೆ. ಆ ಕುಟುಕು ಬೇಕಿರಲಿಲ್ಲ. ಅವನು ಓದುವ ಹುಡುಗ.

ಈ ವಾದ ಮುಗಿಯುವ ಜಾತಿಯದಲ್ಲ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಕಾಫಿ ಪೌಂಡಿಗೆ ನಾಲ್ಕು ಡಾಲರ್ ದಾಟಿದ ದಿನ ಅವನು ಅಂಗಳದಲ್ಲಿ ನಿಂತು ಕೂಗಿ ಹೇಳಿದ. ಗೋದಾಮಿನ ಬೀಗದ ಕೈ ಅವನ ಸೊಂಟದಲ್ಲಿತ್ತು. ಇನ್ನೂ ಏರುತ್ತದೆ ಎಂದು ಕಾದ. ನಾನು ಏನೂ ಹೇಳಲಿಲ್ಲ. ನನ್ನ ಪಾಲೂ ಅದರಲ್ಲೇ ಇತ್ತು.

ಆ ವರ್ಷದ ಕೊನೆಗೆ, ಡಿಸೆಂಬರ್‌ನಲ್ಲಿ, ಅಸ್ಸಾಮಿನಿಂದ ಬಂದ ಕೊಯ್ಲಿನ ಗುಂಪಿನ ಮೇಸ್ತ್ರಿ ಬೆಳಿಗ್ಗೆ ಏಳಕ್ಕೆ ಅಂಗಳಕ್ಕೆ ಬಂದು ನಿಂತ. ಪಕ್ಕದ ತೋಟದಲ್ಲಿ ಕೆ.ಜಿ.ಗೆ ಒಂದೂವರೆ ರೂಪಾಯಿ ಜಾಸ್ತಿ ಕೊಡುತ್ತಾರಂತೆ. ಇಲ್ಲೂ ಅಷ್ಟೇ ಕೊಟ್ಟರೆ ಗುಂಪು ಇರುತ್ತದೆ, ಇಲ್ಲವಾದರೆ ಜೀಪು ಗೇಟಿನ ಹತ್ತಿರ ಬಂದಿದೆ. ಹಣ್ಣು ಗಿಡದಲ್ಲಿ ಕೆಂಪಗೆ ತುಂಬಿ ನಿಂತಿತ್ತು, ಆಕಾಶದಲ್ಲಿ ಅಕಾಲದ ಮೋಡ. ಹುಡುಗನ ಮುಖ ಕಂದಿತು. ಮೊದಲು ಒಪ್ಪಿದ್ದೇನು, ಮಾತಿಗೆ ಬೆಲೆ ಬೇಡವೇ ಎಂದೆಲ್ಲ ಹಿಂದಿಯಲ್ಲಿ ಹೇಳಿದ. ಮೇಸ್ತ್ರಿ ವಿನಯದಿಂದಲೇ ಕೇಳಿಸಿಕೊಂಡು, ಬೀಡಿ ಹಚ್ಚಿ, ಗೇಟಿನತ್ತ ನೋಡಿದ. ಹುಡುಗ ಹಟಕ್ಕೆ ಬಿದ್ದು ಹೋಗಿ ಎಂದ. ಹೋದರು.

ಅವತ್ತು ನಾವಿಬ್ಬರೇ ಸೊಂಟಕ್ಕೆ ಚೀಲ ಕಟ್ಟಿಕೊಂಡು ಮನೆಯ ಕೆಳಗಿನ ಪಟ್ಟಿಗೆ ಇಳಿದೆವು. ನನಗೆ ಅರವತ್ತೈದು, ಅವನ ಬೆರಳುಗಳು ಕೀಲಿಮಣೆಯವು. ಹತ್ತು ಗಂಟೆಯ ಹೊತ್ತಿಗೆ ಕೆಂಜಿಗ ಕಚ್ಚಿ ಅವನ ಕುತ್ತಿಗೆ ಊದಿತ್ತು. ಮಧ್ಯಾಹ್ನದವರೆಗೆ ಹಾಯೆಕ್, ಕೂಲಿ, ಕರಾರು ಎಂದು ಗಿಡದ ಆಚೆಗೂ ಈಚೆಗೂ ವಾದ ನಡೆದೇ ಇತ್ತು. ಆಮೇಲೆ ಇಬ್ಬರಿಗೂ ಉಸಿರು ಸಾಲಲಿಲ್ಲ. ಸಂಜೆ ಕಣದಲ್ಲಿ ಲೈನಿನ ಹಿರಿಯಾಕೆಯೇ ತೂಕಕ್ಕೆ ಇಟ್ಟಳು. ಇಬ್ಬರದೂ ಸೇರಿ ಇಪ್ಪತ್ಮೂರು ಕೆ.ಜಿ. ಅದರಲ್ಲಿ ಅರ್ಧ ಹಸಿರು ಕಾಯಿ ಎಂದು ಅವಳು ಮೊರದಲ್ಲಿ ಹರಡಿ ತೋರಿಸಿದಳು. ಹುಡುಗ ಮೊಬೈಲ್ ತೆಗೆದು ಮೇಸ್ತ್ರಿಯ ನಂಬರ್ ಹುಡುಕತೊಡಗಿದ.